ಕುಂಡದ ಕಣಗಿಲೆ: ಬೇರು ಕತ್ತರಿಸೋದು ಮೊದಲೋ, ತಲೆ ಕತ್ತರಿಸೋದು ಮೊದಲೋ?

ತಾರಸಿಪುರ (ಬೆಂಗಳೂರು)
ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿ ಮೇಲೆ ಸಿಮೆಂಟ್ ಕುಂಡದಲ್ಲಿ ಒಂದು ಕೆಂಪು ಕಣಗಿಲೆ ಇದೆ. ಹಿಂದಿದ್ದ ಬಾಡಿಗೆಯವರು ಬಿಟ್ಟು ಹೋದದ್ದು. ಈಗ ನನಗಿಂತ ಎತ್ತರ. ಹೂವೆಲ್ಲ ತುದಿಯಲ್ಲಿ, ಅಮ್ಮ ಪೂಜೆಗೆ ಕೀಳಬೇಕು ಅಂದ್ರೆ ಸ್ಟೂಲ್ ಬೇಕು. ಕೆಳಗೆ ಸೊಂಟದ ಮಟ್ಟದವರೆಗೆ ಎಲೆಯೇ ಇಲ್ಲ, ಬರೀ ಬೋಳು ಕಡ್ಡಿ. ನೀರು ಹಾಕಿದ್ರೆ ಮಣ್ಣಿಗೆ ಇಳಿಯಲ್ಲ, ಕುಂಡದ ಒಳಗೋಡೆ ಸವರ್ಕೊಂಡು ಹೋಗಿ ತಳದ ತೂತಲ್ಲಿ ಬಂದುಬಿಡುತ್ತೆ. ಆ ತೂತಿಂದ ಬೇರೂ ಹೊರಗೆ ಇಣುಕ್ತಿದೆ. ಒಳಗಿನ ಎಲೆಗಳು ಒಂದೊಂದಾಗಿ ಹಳದಿಯಾಗಿ ಉದುರ್ತಿವೆ. ಮೊನ್ನೆಯ ಮಳೆಗಾಳಿಗೆ ಕುಂಡ ಸಮೇತ ಮಗುಚಿ ಬಿತ್ತು.

ಕೇಳೋದು ಇಷ್ಟು: ಈಗಲೇ ಮಣ್ಣು ಬದಲಾಯಿಸಬಹುದಾ? ಎಷ್ಟು ಕತ್ತರಿಸಬೇಕು? ಎರಡನ್ನೂ ಒಟ್ಟಿಗೆ ಮಾಡಿದ್ರೆ ಸಾಯುತ್ತಾ? ಇದಕ್ಕಿಂತ ದೊಡ್ಡ ಕುಂಡ ಇಡೋಕೆ ಓನರ್ ಒಪ್ಪಲ್ಲ.

ಹಿತ್ತಲ_ಗಿಡ
ಕಣಗಿಲೆ ಸಾಯುತ್ತಾ ಅಂತ ಕೇಳಿದ ಮೊದಲ ಮನುಷ್ಯ ನೀವೇ. ಹೈವೇ ಡಿವೈಡರ್ ಮೇಲೆ ಹೊಗೆ ಕುಡ್ಕೊಂಡು, ಟ್ಯಾಂಕರ್ ನೀರಿಗೆ ಕಾಯ್ಕೊಂಡು ಬದುಕೋ ಗಿಡ ಅದು. ಧೈರ್ಯವಾಗಿ ಕತ್ತರಿ ಹಾಕಿ.

ಬೇರುಮಟ್ಟ (ಮೈಸೂರು)
ಡಿವೈಡರ್ ಗಿಡಕ್ಕೂ ಕುಂಡದ ಗಿಡಕ್ಕೂ ಹೋಲಿಕೆ ಬೇಡ. ನೆಲದಲ್ಲಿ ಇರೋದು ಬೇರನ್ನ ಆಳಕ್ಕೆ ಇಳಿಸಿ ನೀರು ಹುಡುಕ್ಕೊಳ್ಳುತ್ತೆ. ಕುಂಡದಲ್ಲಿ ಅದಕ್ಕೆ ಸಿಗೋದು ನೀವು ಹಾಕಿದ್ದು ಮಾತ್ರ.

ತಾರಸಿಪುರ ಅವರೇ, ನೀವು ಹೇಳಿದ ಲಕ್ಷಣ ಎಲ್ಲಾ ಒಂದೇ ಕಡೆ ಬೊಟ್ಟು ಮಾಡ್ತಿವೆ. ಕುಂಡದೊಳಗೆ ಮಣ್ಣಿಗಿಂತ ಬೇರೇ ಜಾಸ್ತಿ. ಬೇರು ಸುತ್ತಿ ಸುತ್ತಿ ಗಟ್ಟಿ ಮುದ್ದೆ ಆಗಿದೆ, ಅದಕ್ಕೇ ನೀರು ಒಳಗೆ ಹೋಗದೆ ಪಕ್ಕದಲ್ಲಿ ಜಾರ್ತಿದೆ. ನೀವು ದಿನಾ ನೀರು ಹಾಕ್ತಿದ್ರೂ ಗಿಡ ಬಾಯಾರಿಕೇಲೇ ಇದೆ. ಎಲೆ ಹಳದಿಯಾಗೋದು ಅದಕ್ಕೆ, ಜೊತೆಗೆ ಮಣ್ಣಲ್ಲಿ ಸಾರವೂ ಉಳಿದಿಲ್ಲ.

ದೊಡ್ಡ ಕುಂಡ ಬೇಕಿಲ್ಲ. ಗಿಡ ಹೊರಗೆ ತೆಗೆದು ಬೇರಿನ ಮುದ್ದೆಯ ತಳದಿಂದ ಮೂರನೇ ಒಂದು ಭಾಗ ಗರಗಸದಲ್ಲಿ ಕೊಯ್ದು ಹಾಕಿ. ಸುತ್ತಲೂ ಒಂದು ಒಂದೂವರೆ ಇಂಚು ಕೆರೆದು ಬಿಡಿಸಿ. ಅದೇ ಕುಂಡದಲ್ಲಿ ಹೊಸ ಮಣ್ಣು ಹಾಕಿ ಕೂರಿಸಿ. ಬೇರು ಎಷ್ಟು ಕಳೆದಿರೋ ಮೇಲೂ ಅಷ್ಟಾದರೂ ಕಳೀಬೇಕು, ಇಲ್ಲಾಂದ್ರೆ ಉಳಿದ ಬೇರು ಅಷ್ಟೊಂದು ಎಲೆಗೆ ನೀರು ಪೂರೈಸೋಕಾಗದೆ ಗಿಡ ಜೋತು ಬೀಳುತ್ತೆ. ಆದ್ದರಿಂದ ಎರಡೂ ಒಂದೇ ದಿನ.

ಕುಡ್ಲದ_ಮಳೆ (ಮಂಗಳೂರು)
ಒಂದೇ ದಿನ ಸರಿ ಮಾರಾಯ್ರೆ, ಆದ್ರೆ ಯಾವ ದಿನ? ಈಗ ಮೇ ಕೊನೆ. ನಮ್ಮಲ್ಲಿ ಜೂನಲ್ಲಿ ಮಳೆ ಹಿಡಿದ್ರೆ ಬಿಡೂದೇ ಇಲ್ಲ. ಮಳೆಗಾಲದಲ್ಲಿ ಕಡಿದ ಗೆಲ್ಲು ಒಣಗೂದಿಲ್ಲ, ಕಡಿದಲ್ಲಿಂದ ಕಪ್ಪಾಗಿ ಕೆಳಗೆ ಇಳೀತದೆ. ನಮ್ಮ ಮನೆಯಲ್ಲಿ ನವರಾತ್ರಿ ಕಳೆದ ಮೇಲೆ ಕತ್ತಿ ಹಾಕೂದು. ಅಷ್ಟರವರೆಗೆ ಮುಟ್ಲಿಕ್ಕಿಲ್ಲ.

ತಾರಸಿಪುರ
ಅಕ್ಟೋಬರ್‌ವರೆಗೆ ಕಾಯೋದಾ? ಅಷ್ಟರಲ್ಲಿ ಗಿಡ ಪಕ್ಕದ ಮನೆಯವರ ಸಿಂಟೆಕ್ಸ್ ಮೇಲೆ ಬಿದ್ದಿರುತ್ತೆ.

ಬೇರುಮಟ್ಟ
ಕರಾವಳಿ ಲೆಕ್ಕ ಬೆಂಗಳೂರಿಗೆ ಬೇಡ. ಬೆಂಗಳೂರಲ್ಲಿ ಜೂನ್ ಮಳೆ ಸಂಜೆ ಬಂದು ಹೋಗೋದು, ಮಧ್ಯಾಹ್ನ ಬಿಸಿಲು ಇದ್ದೇ ಇರುತ್ತೆ. ಮಂಗಳೂರು, ಮಡಿಕೇರಿ, ಆಗುಂಬೆ ಕಡೆಯವರು ಮಳೆಗಾಲ ಮುಗಿಸಿಕೊಂಡೇ ಮಾಡಲಿ, ಅದು ಸರಿ. ಬೆಂಗಳೂರು ಮೈಸೂರಿನವರು ರೋಹಿಣಿ ಮಳೆಯಲ್ಲಿ ಎರಡು ದಿನ ಬಿಡುವು ಸಿಕ್ಕಾಗ ಮುಗಿಸಿದ್ರೆ ಮೃಗಶಿರ ಹಿಡಿಯೋ ಹೊತ್ತಿಗೆ ಚಿಗುರು ಕಣ್ಣು ಬಿಟ್ಟಿರುತ್ತೆ. ಬಿಸಿಲೂ ಇಳಿದಿರುತ್ತೆ, ಬೇರಿಗೆ ಹಿಂಸೆ ಕಡಿಮೆ. ನನ್ನ ಪ್ರಕಾರ ಕೆಟ್ಟ ಕಾಲ ಅಂದ್ರೆ ಮಾರ್ಚ್ ಏಪ್ರಿಲ್. ಆಗ ಬೇರು ಕೊಯ್ದರೆ ತಾರಸಿಯ ಕಾವಿಗೇ ಗಿಡ ಸೊರಗುತ್ತೆ.

ಎರೆಮಣ್ಣು (ವಿಜಯಪುರ)
ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕ ಎರಡು ಸಲ ಚಾಟ್ನಿ (ಕಡ್ಡಿ ಕತ್ತರಸೂದು) ಮಾಡ್ತೇವ್ರಿ, ಏಪ್ರಿಲ್‌ಕ ಒಮ್ಮೆ, ಅಕ್ಟೋಬರ್‌ಕ ಒಮ್ಮೆ. ಅಂಗಳದಾಗಿನ ಕಣಗಲಕ್ಕೂ ಅಪ್ಪಾರು ಅದ ಹೊತ್ತಿಗೆ ಕತ್ತರಿ ಆಡಸ್ತಾರ. ಬೇಸಿಗಿ ಬಿಸಿಲಾಗ ಕಡದರೂ ಏನೂ ಆಗಿಲ್ಲ ನೋಡ್ರಿ.

ಬೇರುಮಟ್ಟ
ನಿಮ್ಮದು ನೆಲದಲ್ಲಿರೋ ಗಿಡ ಸರ್. ಬೇರು ಮುಟ್ಟಿಲ್ಲ. ಮೇಲಷ್ಟೇ ಕಡಿಯೋದಾದ್ರೆ ಬೇಸಿಗೆಯಲ್ಲೂ ತಡ್ಕೊಳ್ಳುತ್ತೆ.

ಎರೆಮಣ್ಣು
ಹೌದ್ರಿ, ಅದು ಖರೆ. ಬೇರಿನ ತಂಟೆಗೆ ಹೋಗಿಲ್ಲ.

ಮಂಡ್ಯದಿಂದ_ಮ್ಯೂನಿಕ್
ಇಲ್ಲಿ ಜರ್ಮನಿಯಲ್ಲಿ ಕಣಗಿಲೆ ಅಂದ್ರೆ ಕುಂಡದ ಗಿಡವೇ. ನೆಲದಲ್ಲಿ ನೆಟ್ಟರೆ ಚಳಿಗಾಲ ದಾಟಲ್ಲ, ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ ಹೋದ್ರೆ ಕಷ್ಟ. ಅಕ್ಟೋಬರ್ ನವೆಂಬರಲ್ಲಿ ಬೆಳಕಿರೋ ತಂಪು ಕೋಣೆಗೆ ಎಳ್ಕೊಂಡು ಹೋಗ್ತೀವಿ, ವಸಂತದಲ್ಲಿ ಹೊರಗೆ. ಕುಂಡ ಬದಲಾಯಿಸೋದೂ ಆಗಲೇ. ಊರಲ್ಲಿ ಸ್ಮಶಾನದ ಹತ್ರ, ಗುಡಿ ಹಿಂದೆ ತಾನೇ ಬೆಳೆಯೋದನ್ನ ಇಲ್ಲಿ ಜನ ಮಗು ಥರ ಸಾಕೋದು ನೋಡಿದ್ರೆ ನಗು ಬರುತ್ತೆ ಕಣ್ರಪ್ಪಾ.

ಇಲ್ಲಿನವರು ಹೇಳೋ ಎರಡು ಮಾತು ನಿಮಗೂ ಉಪಯೋಗಕ್ಕೆ ಬರಬಹುದು. ಒಂದು, ಹೂ ಬಾಡಿತು ಅಂತ ಇಡೀ ಗೊಂಚಲು ಕತ್ತರಿಸಬೇಡಿ. ಅದೇ ಗೊಂಚಲಲ್ಲಿ ಮತ್ತೆ ಮೊಗ್ಗು ಬರುತ್ತೆ. ಬಾಡಿದ ಹೂವಷ್ಟೇ ಉದುರಿಸಿ. ಇನ್ನೊಂದು, ಬೇಸಿಗೆಯಲ್ಲಿ ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಿ. ಬೇರೆ ಗಿಡಕ್ಕೆ ಹಾಗೆ ಮಾಡಿದ್ರೆ ಬೇರು ಕೊಳೆಯುತ್ತೆ, ಆದರೆ ಕಣಗಿಲೆ ಮೂಲತಃ ಹೊಳೆದಂಡೆ ಗಿಡ. ಮೆಡಿಟರೇನಿಯನ್ ಕಡೆ ಒಣಗಿದ ಹೊಳೆಪಾತ್ರದಲ್ಲಿ ತಾನಾಗಿ ಬೆಳೆಯುತ್ತೆ. ತಲೆ ಬಿಸಿಲಲ್ಲಿ, ಕಾಲು ನೀರಲ್ಲಿ.

ಬಾಲ್ಕನಿ_ಬಾಲಕ (ಬೆಂಗಳೂರು)
ತಟ್ಟೆಯಲ್ಲಿ ನೀರು ನಿಲ್ಲಿಸೋದಾ!! ಸ್ವಾಮಿ, ಇಲ್ಲಿ ಡೆಂಗಿ ಸೀಸನ್. ಮನೆಮನೆಗೆ ಬಂದು ಕುಂಡದ ತಟ್ಟೆ ಎತ್ತಿ ನೋಡ್ತಾರೆ. ಮ್ಯೂನಿಕ್ ಸಲಹೆ ಮ್ಯೂನಿಕ್‌ನಲ್ಲೇ ಇರಲಿ.

ಮಂಡ್ಯದಿಂದ_ಮ್ಯೂನಿಕ್
ಸೊಳ್ಳೆ ವಿಷಯ ಒಪ್ಪಿದೆ. ತಟ್ಟೆ ಬೇಡ, ದಿನಾ ಬೆಳಿಗ್ಗೆ ತಳದಿಂದ ಹರಿಯೋವರೆಗೆ ಕೊಡಿ, ಸಾಕು.

ಅಜ್ಜಿಯ_ಕತ್ತರಿ (ಶಿವಮೊಗ್ಗ)
ಗೊಂಚಲು ಕತ್ತರಿಸಬೇಡಿ ಅನ್ನೋದು ಅರ್ಧ ಸರಿ. ಗೊಂಚಲಲ್ಲಿ ಸಣ್ಣ ಮೊಗ್ಗು ಕಾಣ್ತಿದ್ರೆ ಬಿಡಿ. ಬೀಜದ ಕೋಡು ಮೂಡಿದ್ರೆ ಮುಲಾಜಿಲ್ಲದೆ ತೆಗೀರಿ. ಜೋಡಿ ಜೋಡಿಯಾಗಿ ಉದ್ದಕ್ಕೆ ಬರುತ್ತಲ್ಲ, ಅವರೆಕಾಯಿಗಿಂತ ಸಣಕಲು, ಒಣಗಿ ಸೀಳಿದ್ರೆ ಒಳಗೆ ಕಂದು ಕೂದಲಿನ ಬೀಜ, ಅದೇ. ಕೋಡು ಬಲಿಯೋಕೆ ಬಿಟ್ಟರೆ ಗಿಡದ ಶಕ್ತಿಯೆಲ್ಲ ಅಲ್ಲಿಗೆ ಹೋಗುತ್ತೆ, ಹೂ ಹಿಂದೆ ಬೀಳುತ್ತೆ.

ಇನ್ನು ಎಲ್ಲಿ ಕತ್ತರಿಸಬೇಕು ಅನ್ನೋದು ಯಾರೂ ಹೇಳಲಿಲ್ಲ. ಒಂದು ಕಡ್ಡಿ ಹತ್ತಿರದಿಂದ ನೋಡಿ. ಎಲೆ ಒಂದೊಂದಾಗಿ ಇರಲ್ಲ, ಒಂದೇ ಗಿಣ್ಣಲ್ಲಿ ಮೂರು ಎಲೆ ಸುತ್ತಲೂ ಕೂತಿರುತ್ತೆ. ಪ್ರತಿ ಎಲೆಯ ಕಂಕುಳಲ್ಲೂ ಒಂದು ಕಣ್ಣು. ಆ ಗಿಣ್ಣಿನ ಮೇಲೆ ಕಾಲಿಂಚು ಬಿಟ್ಟು ಕತ್ತರಿಸಿದ್ರೆ ಒಂದು ಕಡ್ಡಿ ಇದ್ದ ಕಡೆ ಸಾಮಾನ್ಯವಾಗಿ ಮೂರು ಕವಲು. ಹೂ ಬರೋದು ಹೊಸ ಕವಲಿನ ತುದಿಯಲ್ಲಿ. ಕವಲು ಜಾಸ್ತಿಯಾದಷ್ಟೂ ಹೂವಿನ ತುದಿ ಜಾಸ್ತಿ. ನಿಮ್ಮ ಗಿಡಕ್ಕೆ ಯಾರೂ ಕತ್ತರಿ ಹಾಕಿಲ್ಲ, ಅದಕ್ಕೇ ಮೇಲಕ್ಕೇ ಓಡಿದೆ. ಎಲೆ ಉದುರಿದ ಬೋಳು ಕಡ್ಡಿಯಲ್ಲೂ ಗಿಣ್ಣಿನ ಗುರುತು ಉಂಗುರದ ಹಾಗೆ ಕಾಣುತ್ತೆ, ಅಲ್ಲಿಂದಲೂ ಚಿಗುರುತ್ತೆ. ಹೆದರಬೇಡಿ.

ತಾರಸಿಪುರ
ಈಗ ಹೋಗಿ ನೋಡಿದೆ, ಉಂಗುರ ಇದೆ! ಹಾಗಾದ್ರೆ ಎಲ್ಲಾ ಕಡ್ಡಿ ಮೊಣಕಾಲೆತ್ತರಕ್ಕೆ ಇಳಿಸಿಬಿಡಲಾ?

ಹಿತ್ತಲ_ಗಿಡ
ಇಳಿಸಿ.

ಅಜ್ಜಿಯ_ಕತ್ತರಿ
ಎಲ್ಲಾ ಬೇಡ. ಬುಡದಿಂದ ಎಷ್ಟು ಕಡ್ಡಿ ಎದ್ದಿವೆ ನೋಡಿ. ತೀರಾ ಹಳೇದು, ತೊಗಟೆ ಬೂದು ಬಣ್ಣಕ್ಕೆ ತಿರುಗಿ ಒರಟಾಗಿರೋದು, ಅಂಥದ್ದನ್ನ ಮಣ್ಣಿನ ಮಟ್ಟಕ್ಕೇ ತೆಗೀರಿ. ಮೂರರಲ್ಲಿ ಒಂದು ಪಾಲು ಹಾಗೆ ಹೋಗಲಿ. ಉಳಿದಿದ್ದನ್ನ ಅರ್ಧಕ್ಕೆ ಇಳಿಸಿ, ಒಂದೇ ಎತ್ತರಕ್ಕೆ ಅಲ್ಲ, ಹೊರಗಿನದು ಸ್ವಲ್ಪ ಗಿಡ್ಡ, ನಡುವಿನದು ಸ್ವಲ್ಪ ಉದ್ದ. ಮುಂದಿನ ವರ್ಷ ಮತ್ತೊಂದು ಪಾಲು ಹಳೇದು. ಹೀಗೆ ಮಾಡಿದ್ರೆ ಹೂ ಪೂರ್ತಿ ನಿಲ್ಲಲ್ಲ, ಅಮ್ಮನ ಪೂಜೆಗೂ ಸಿಗುತ್ತೆ. ಒಂದೇ ಸಲ ಬೋಳಿಸಿದ್ರೂ ಚಿಗುರುತ್ತೆ, ಆದ್ರೆ ಎರಡು ಮೂರು ತಿಂಗಳು ಒಂದು ಹೂವೂ ಇಲ್ಲ.

ಪಾಟ್_ಪುರಾಣ (ತುಮಕೂರು)
ಸಿಮೆಂಟ್ ಕುಂಡ ಅಂದ್ರಲ್ಲ, ಬಾಯಿ ಅಗಲ ಇದೆಯಾ, ಇಲ್ಲ ಹೊಟ್ಟೆ ದಪ್ಪ ಕುತ್ತಿಗೆ ಸಣ್ಣದಾ? ಎಲ್ಲರೂ ‘ಗಿಡ ಹೊರಗೆ ತೆಗೀರಿ’ ಅಂತಿದ್ದಾರೆ, ಹೇಗೆ ತೆಗೀಬೇಕು ಅಂತ ಹೇಳಲಿಲ್ಲ.

ತಾರಸಿಪುರ
ಅಯ್ಯೋ, ಅದೇ. ಹೂಜಿ ಥರದ್ದು. ಕುತ್ತಿಗೆ ಸಣ್ಣ.

ಪಾಟ್_ಪುರಾಣ
ಹಾಗಾದ್ರೆ ಇಡಿಯಾಗಿ ಬರೋದಿಲ್ಲ. ನಿಮ್ಮ ಮುಂದೆ ಇರೋ ದಾರಿ ಎರಡು.

ಕುಂಡ ಒಡೀರಿ. ಹಿಂದಿನ ದಿನ ನೀರು ಹಾಕಬೇಡಿ, ಮಣ್ಣು ಸ್ವಲ್ಪ ಕುಗ್ಗಲಿ. ಕುಂಡಕ್ಕೆ ಗೋಣಿಚೀಲ ಸುತ್ತಿ, ಸುತ್ತಿಗೆಯಲ್ಲಿ ಕುತ್ತಿಗೆ ಭಾಗದಿಂದ ತಟ್ಟಿ. ಸಿಮೆಂಟೊಳಗೆ ತಂತಿ ಇರುತ್ತೆ, ಕೈ ಜೋಪಾನ. ಆಮೇಲೆ ಬಾಯಿ ಅಗಲ ಇರೋ ಕುಂಡ ತನ್ನಿ, ಮೇಲೆ ಅಗಲ ಕೆಳಗೆ ಕಿರಿದು. ಮುಂದಿನ ಸಲ ಅಡ್ಡ ಮಲಗಿಸಿ ಉರುಳಿಸಿದ್ರೆ ತಾನೇ ಬರುತ್ತೆ.

ಒಡೆಯೋಕೆ ಮನಸ್ಸಿಲ್ಲಾಂದ್ರೆ ಕುಂಡದಲ್ಲೇ ಇಟ್ಟು ಮಾಡಿ. ಬೇರಿನ ಮುದ್ದೆಯನ್ನ ಮೇಲಿಂದ ನಾಲ್ಕು ಪಾಲು ಅಂದ್ಕೊಳ್ಳಿ. ಎದುರುಬದುರು ಇರೋ ಎರಡು ಪಾಲನ್ನ ಹಳೇ ಚಾಕು, ಸಣ್ಣ ಹಾರೆ ಹಾಕಿ ತಳದವರೆಗೆ ಕೊರೆದು ತೆಗೀರಿ. ಆ ಸಂದಿಗೆ ಹೊಸ ಮಣ್ಣು, ಕೋಲಲ್ಲಿ ಚುಚ್ಚಿ ಚುಚ್ಚಿ ತುಂಬಿ, ಗಾಳಿ ಉಳೀಬಾರದು. ಉಳಿದ ಎರಡು ಪಾಲು ಮುಂದಿನ ವರ್ಷ. ಕೈ ಕಾಲು ನೋವು ಗ್ಯಾರಂಟಿ, ಆದ್ರೆ ಗಿಡಕ್ಕೆ ಪೆಟ್ಟು ಕಡಿಮೆ.

ಬಾಲ್ಕನಿ_ಬಾಲಕ
ಗ್ರೋ ಬ್ಯಾಗ್ ತಗೊಳ್ಳಿ, ಹಗುರ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿಸಿ. ಓನರ್ ಕಿರಿಕಿರಿಯೂ ಇಲ್ಲ.

ಬೇರುಮಟ್ಟ
ದಯವಿಟ್ಟು ಬೇಡ. ಅದು ಈಗಲೇ ಗಾಳಿಗೆ ಬೀಳೋ ಗಿಡ, ಬರೀ ಕೋಕೋಪೀಟಲ್ಲಿ ಇಟ್ಟರೆ ಹಾರಿಯೇ ಹೋಗುತ್ತೆ. ಕಣಗಿಲೆಗೆ ತೂಕ ಇರೋ ಮಣ್ಣು ಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು. ಕೋಕೋಪೀಟ್ ಬೇಕಿದ್ರೆ ಒಂದು ಹಿಡಿ. ಅಂಚಿಂದ ಎರಡು ಇಂಚು ಖಾಲಿ ಬಿಡಿ, ನೀರು ನಿಂತು ಇಳೀಬೇಕಲ್ಲ.

ಎರೆಮಣ್ಣು
ಎರಿ ಮಣ್ಣ ಹಾಕಬೌದೇನ್ರಿ? ನಮ್ಮಲ್ಲಿ ಕೆಂಪು ಮಣ್ಣ ರೊಕ್ಕ ಕೊಟ್ಟು ತರಬೇಕು.

ಬೇರುಮಟ್ಟ
ಹಾಕಬಹುದು, ಕಣಗಿಲೆಗೆ ಸುಣ್ಣದಂಶ ಇರೋ ಮಣ್ಣೂ ನಡೆಯುತ್ತೆ. ಆದ್ರೆ ಕುಂಡದಲ್ಲಿ ಎರೆಮಣ್ಣು ಒಣಗಿದಾಗ ಬಿರಿಯುತ್ತೆ, ಬೇರು ಹರಿಯುತ್ತೆ. ಮರಳು ಗೊಬ್ಬರ ಎರಡೂ ಜಾಸ್ತಿ ಮಾಡಿ, ಮಣ್ಣಿಗೆ ಸಮವಾಗಿಯೇ ಇರಲಿ.

ಓನರ್_ಕಡೆಯವನು
ತೂಕದ ಬಗ್ಗೆ ಓನರ್ ಹೇಳೋದ್ರಲ್ಲಿ ತಪ್ಪಿಲ್ಲ. ಇಪ್ಪತ್ತಿಂಚಿನ ಕುಂಡ ಒದ್ದೆ ಮಣ್ಣಿನ ಸಮೇತ ನೂರು ಕೆಜಿ ದಾಟುತ್ತೆ. ಸ್ಲ್ಯಾಬ್ ನಡುವೆ ಇಡಬೇಡಿ, ಕೆಳಗೆ ಗೋಡೆ ಅಥವಾ ಬೀಮ್ ಇರೋ ಜಾಗದ ಮೇಲೆ ಇಡಿ. ಇಟ್ಟಿಗೆ ಮೇಲೆ ಕೂರಿಸಿ, ಅಡಿಯಲ್ಲಿ ನೀರು ನಿಂತ್ರೆ ಮೊದಲು ನಮ್ಮ ಸೀಲಿಂಗೇ ಸೋರೋದು.

ಶಾಸ್ತ್ರಿ_ಬೀದಿ
ಮನೆ ಮೇಲೆ ಕಣಗಿಲೆ ಇಡಬಾರದು ಅಂತಾರಲ್ಲ? ಹಾಲು ಬರೋ ಗಿಡ ವಾಸ್ತುವಿಗೆ ಆಗಲ್ಲ.

ಹಿತ್ತಲ_ಗಿಡ
ಗಣಪತಿಗೆ, ದೇವಿಗೆ ಏರಿಸೋಕೆ ಆಗುತ್ತೆ, ಮನೇಲಿ ಇಡೋಕೆ ಆಗಲ್ವಾ? ಹೂವೇನು ಆಕಾಶದಿಂದ ಬರುತ್ತಾ?

ಶಾಸ್ತ್ರಿ_ಬೀದಿ
ನಾನು ಹೇಳಿದ್ದಲ್ಲ ಸ್ವಾಮಿ, ಕೇಳಿದ್ದು.

ಎರಡು_ಮಕ್ಕಳ_ತಾಯಿ (ಹಾಸನ)
ವಾಸ್ತು ಬಿಡಿ, ವಿಷದ ಮಾತು ಯಾರೂ ಎತ್ತಲಿಲ್ಲವಲ್ಲ! ಕೇರಳದಲ್ಲಿ ಒಬ್ಬ ಯುವತಿ ಕಣಗಿಲೆ ಎಲೆ ಜಗಿದು ತೀರಿಕೊಂಡಳು ಅನ್ನೋ ಶಂಕೆ ಬಂದ ಮೇಲೆ 2024ರ ಮೇ ತಿಂಗಳಲ್ಲಿ ಅಲ್ಲಿನ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದದಲ್ಲಿ ಈ ಹೂ ಬಳಸೋದನ್ನೇ ನಿಲ್ಲಿಸಿದ್ವು. ಮನೇಲಿ ಮಕ್ಕಳಿದ್ರೆ ಈ ಗಿಡವೇ ಬೇಡ ಅಂತೀನಿ ನಾನು.

ಹಿತ್ತಲ_ಗಿಡ
ನಮ್ಮ ಹಿತ್ತಲಲ್ಲಿ ಮೂರು ತಲೆಮಾರಿಂದ ಇದೆ ಅಕ್ಕ. ಯಾರೂ ತಿಂದಿಲ್ಲ. ಅಷ್ಟು ಕಹಿ ಅದು.

ದವಾಖಾನೆ_ರಸ್ತೆ (ದಾವಣಗೆರೆ)
ಇಬ್ಬರೂ ಸ್ವಲ್ಪ ತಾಳಿ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡೋನು. ಗಿಡದ ಎಲ್ಲಾ ಭಾಗವೂ ವಿಷವೇ: ಎಲೆ, ಹೂ, ಕಡ್ಡಿ, ಬೇರು. ಒಲಿಯಾಂಡ್ರಿನ್ ಅನ್ನೋ ಅಂಶ ನೇರವಾಗಿ ಹೃದಯದ ಬಡಿತ ಕೆಡಿಸುತ್ತೆ. ಹಳದಿ ಹೂವಿನ ಕಾಶಿಕಣಗಿಲೆ ಬೇರೆ ಗಿಡ, ಅಮೆರಿಕ ಖಂಡದಿಂದ ಬಂದದ್ದು, ಆದ್ರೆ ಅದರಲ್ಲೂ ಇದೇ ಜಾತಿಯ ವಿಷ, ಬೀಜದಲ್ಲಿ ಇನ್ನೂ ಜಾಸ್ತಿ. ಮುಟ್ಟಿದ ಮಾತ್ರಕ್ಕೆ ಯಾರೂ ಸಾಯಲ್ಲ. ಹೊಟ್ಟೆಗೆ ಹೋದ್ರೆ ಮಾತ್ರ ‘ಸ್ವಲ್ಪವೇ ತಾನೇ’ ಅಂತ ಮನೇಲಿ ಕೂತ್ಕೋಬೇಡಿ, ಮಜ್ಜಿಗೆ ಕುಡಿಸೋದು, ಉಪ್ಪುನೀರು ಕೊಟ್ಟು ವಾಂತಿ ಮಾಡಿಸೋದು ಅಂತ ಹೊತ್ತು ಕಳೀಬೇಡಿ. ಎಲೆ ಸಮೇತ ನೇರ ಆಸ್ಪತ್ರೆಗೆ. ಇಸಿಜಿ ನೋಡಬೇಕಾಗುತ್ತೆ.

ಕತ್ತರಿಸೋರಿಗೆ: ಗ್ಲೌಸ್ ಹಾಕಿ, ರಸ ಕಣ್ಣಿಗೆ ತಾಗಿಸ್ಕೋಬೇಡಿ. ಕಡಿದ ಕಡ್ಡಿ ಒಲೆಗಾಗಲಿ, ಹಂಡೆ ಉರಿಗಾಗಲಿ ಹಾಕಬೇಡಿ, ಹೊಗೆಯೂ ವಿಷ. ದನ ಮೇಕೆ ಓಡಾಡೋ ಕಡೆ ಎಸೀಬೇಡಿ. ಹಸಿ ಎಲೆ ಕಹಿ ಅಂತ ಮುಟ್ಟದ ದನ ಬಾಡಿದ ಸೊಪ್ಪನ್ನ ಮೇವಿನ ಜೊತೆ ತಿಂದುಬಿಡುತ್ತೆ, ಒಣಗಿದರೂ ವಿಷ ಹೋಗಿರಲ್ಲ.

ಎರಡು_ಮಕ್ಕಳ_ತಾಯಿ
ಇದನ್ನ ಮೊದಲ ಉತ್ತರದಲ್ಲೇ ಹೇಳಬೇಕಿತ್ತು ಎಲ್ಲರೂ.

ತಾರಸಿಪುರ
ನಮ್ಮ ಮನೇಲಿ ಮಕ್ಕಳಿಲ್ಲ, ಬೆಕ್ಕಿದೆ. ಅದು ತಾರಸಿಗೆ ಬರಲ್ಲ. ಕಡ್ಡಿಗಳನ್ನ ಬೇರೆ ಚೀಲದಲ್ಲಿ ಕಟ್ಟಿ ಕಸದ ಗಾಡಿಯವರಿಗೆ ಹೇಳಿಯೇ ಕೊಡ್ತೀನಿ.

ಚಿಟ್ಟೆ_ಹುಚ್ಚ (ಬೆಳ್ತಂಗಡಿ)
ಕತ್ತರಿಸುವ ಮೊದಲು ಎಲೆಯಡಿ ಒಮ್ಮೆ ನೋಡಿ. ಬೆಳ್ಳಿ ಪಾಲಿಶ್ ಮಾಡಿದಂಥ ಸಣ್ಣ ಗೂಡು ನೇತಾಡ್ತಿದ್ರೆ ಅದು ಕಾಮನ್ ಕ್ರೋ ಚಿಟ್ಟೆಯ ಪೊರೆಹುಳು. ಮುಖ ಕಾಣುವಷ್ಟು ಹೊಳೀತದೆ. ಅದಿರುವ ಗೆಲ್ಲು ಒಂದು ವಾರ ಬಿಡಿ. ಹೆಬ್ಬೆರಳು ದಪ್ಪದ ಹಸಿರು ಹುಳ ಕಂಡ್ರೆ, ತಲೆಯ ಹತ್ತಿರ ನೀಲಿ ಕಣ್ಣಿನ ಹಾಗೆ ಎರಡು ಬೊಟ್ಟು, ಹಿಂದೆ ಸಣ್ಣ ಕೊಂಬು, ಅದು ಕಣಗಿಲೆ ಪತಂಗದ್ದು. ಎರಡಕ್ಕೂ ಈ ವಿಷ ಏನೂ ಮಾಡೂದಿಲ್ಲ.

ಬಾಲ್ಕನಿ_ಬಾಲಕ
ನಮ್ಮಲ್ಲಿ ಹುಳ ಅಲ್ಲ, ಎಳೆ ಚಿಗುರಿನ ತುಂಬಾ ಅರಿಶಿನ ಬಣ್ಣದ ಹೇನು, ಕಪ್ಪು ಕಾಲು. ಅದಕ್ಕೇನು ಮಾಡೋದು?

ಅಜ್ಜಿಯ_ಕತ್ತರಿ
ಪೈಪಿನ ನೀರು ಜೋರಾಗಿ ಬಿಟ್ಟು ತೊಳೀರಿ, ಅರ್ಧ ಹೋಗುತ್ತೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಸಂಜೆ ಹೊತ್ತು ಸಿಂಪಡಿಸಿ. ಯೂರಿಯಾ ಸುರೀತಿದ್ರೆ ಮೊದಲು ಅದನ್ನ ನಿಲ್ಲಿಸಿ. ಸಾರಜನಕ ಜಾಸ್ತಿಯಾದ್ರೆ ಎಳೆ ಚಿಗುರು ಮೆತ್ತಗೆ ಬರುತ್ತೆ, ಹೇನಿಗೆ ಹಬ್ಬ, ಹೂವೂ ಇಲ್ಲ.

ಬಾಲ್ಕನಿ_ಬಾಲಕ
ಯೂರಿಯಾ ವಿಷಯ ನಿಮಗೆ ಹೇಗೆ ಗೊತ್ತಾಯ್ತು 😅

ಪಾಟ್_ಪುರಾಣ
ತಾರಸಿಪುರ ಅವರೇ, ಮಣ್ಣು ಬದಲಾಯಿಸಿದ ಮೇಲೆ ಒಂದು ವಾರ ಹತ್ತು ದಿನ ನೆರಳಲ್ಲಿಡಿ, ಬೆಳಗಿನ ಬಿಸಿಲು ಮಾತ್ರ ಬೀಳೋ ಹಾಗೆ. ಗೊಬ್ಬರ ಕೈಗೆತ್ತಿಕೋಬೇಡಿ, ಹೊಸ ಬೇರಿಗೆ ಉರಿಯಾಗುತ್ತೆ. ಚಿಗುರು ನಾಲ್ಕು ಬೆರಳು ಬಂದ ಮೇಲೆ ಬೇಕಾದ್ರೆ ಹಿಂಡಿ ನೀರು. ಆಮೇಲೆ ಪೂರ್ತಿ ಬಿಸಿಲಿಗೆ. ಆರು ಗಂಟೆ ಬಿಸಿಲು ಇಲ್ಲದ ಕಡೆ ಕಣಗಿಲೆ ಬರೀ ಎಲೆ.

ಮಂಡ್ಯದಿಂದ_ಮ್ಯೂನಿಕ್
ಕತ್ತರಿಯನ್ನ ಸ್ಪಿರಿಟಲ್ಲಿ ಒರೆಸ್ಕೊಳ್ಳಿ, ಗಿಡದಿಂದ ಗಿಡಕ್ಕೆ ಹೋಗೋವಾಗ. ಇಲ್ಲಿ ಕಣಗಿಲೆಗೆ ಗಂಟು ರೋಗ ಅಂತ ಒಂದಿದೆ, ಬ್ಯಾಕ್ಟೀರಿಯಾದ್ದು. ಕಡ್ಡಿ ಮೇಲೆ ನರೂಲಿ ಥರ ಗಂಟು, ಹೂವಿನ ಗೊಂಚಲು ಕಪ್ಪಾಗಿ ಮುದುರುತ್ತೆ. ಕತ್ತರಿಯಿಂದಲೂ ಹರಡುತ್ತೆ.

ಹಿತ್ತಲ_ಗಿಡ
ಸೇಲಂ ಕಡೆ ಎಕರೆಗಟ್ಟಲೆ ಬೆಳೀತಾರೆ, ಮೊಗ್ಗಿನಲ್ಲೇ ಕಿತ್ತು ಮಾರ್ಕೆಟ್ಟಿಗೆ ಕಳಿಸ್ತಾರೆ. ಅವರು ಸ್ಪಿರಿಟ್ ಹಚ್ತಾರಾ?

ಬೇರುಮಟ್ಟ
ಅವರ ಗಿಡ ಸತ್ತರೆ ಇನ್ನೊಂದು ಸಾವಿರ ಇದೆ. ಇವರದ್ದು ಒಂದೇ.

ತಾರಸಿಪುರ
ಸರಿ, ತೀರ್ಮಾನ ಮಾಡಿದೆ. ಕುಂಡ ಒಡೀತೀನಿ, ಓನರ್ ಎದುರಿಗೇ. ಅಗಲ ಬಾಯಿಯದ್ದು, ಅದೇ ಅಳತೆಯದ್ದು ತರ್ತೀನಿ. ಈ ಭಾನುವಾರ ಮಳೆ ಇಲ್ಲಾಂದ್ರೆ ಕೆಲಸ. ಕತ್ತರಿಸಿದ ಕಡ್ಡಿಯಲ್ಲಿ ಸಸಿ ಮಾಡಬಹುದಾ?

ಅಜ್ಜಿಯ_ಕತ್ತರಿ
ಖಂಡಿತ. ಪೆನ್ಸಿಲ್ ದಪ್ಪ, ಗೇಣುದ್ದ, ಕೆಳಗಿನ ಎಲೆ ಬಿಡಿಸಿ ತುದಿಯಲ್ಲಿ ನಾಲ್ಕಾರು ಉಳಿಸಿ. ಬಾಟಲಿ ನೀರಲ್ಲಿ ನಿಲ್ಲಿಸಿದ್ರೂ ಬೇರು ಬರುತ್ತೆ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಬಾಟಲಿ ಅಡುಗೆಮನೆಯಲ್ಲಿ ಇಡಬೇಡಿ, ಯಾರಾದ್ರೂ ಕುಡಿದಾರು. ನನಗೆ ಕೇಳಿದ್ರೆ ನೇರ ಮರಳಲ್ಲಿ ಊರೋದೇ ವಾಸಿ, ನೀರಲ್ಲಿ ಬಂದ ಬೇರು ಮಣ್ಣಿಗೆ ಇಟ್ಟಾಗ ಮುರಿಯುತ್ತೆ.

ಎರೆಮಣ್ಣು
ಕೆಂಪು ಸುತ್ತಿನ ಹೂವೋ, ಒಂದ ಪದರಿಂದೋ? ಸುತ್ತಿಂದಾದ್ರ ನನಗ ಎರಡು ಕಡ್ಡಿ ಕೊರಿಯರ್ ಮಾಡ್ರಿ. ನನ್ನ ಕಡೆ ಬಿಳಿದು ಐತಿ, ಬದಲಿಗೆ ಕಳಸ್ತೀನಿ.

ತಾರಸಿಪುರ
ಒಂದೇ ಪದರದ್ದು ಸರ್, ಆದ್ರೆ ಬಣ್ಣ ಗಾಢ. ಬಿಳಿ ಕಳಿಸ್ತೀರಾದ್ರೆ ನಾನು ನಾಲ್ಕು ಕಳಿಸ್ತೀನಿ. ವಿಳಾಸ ಇಲ್ಲಿ ಹಾಕಬೇಡಿ, ಮೆಸೇಜ್ ಮಾಡಿ.

ಶಾಸ್ತ್ರಿ_ಬೀದಿ
ಬಿಳಿ ಕಡ್ಡಿ ಉಳಿದ್ರೆ ನನಗೂ ಒಂದು ಎತ್ತಿಡಿ.

ಹಿತ್ತಲ_ಗಿಡ
ವಾಸ್ತು ಏನಾಯ್ತು ಸ್ವಾಮಿ?

ಶಾಸ್ತ್ರಿ_ಬೀದಿ
ಕಾಂಪೌಂಡ್ ಆಚೆ ನೆಡ್ತೀನಿ ಬಿಡಿ.